ಬಂಡೆಯಾಚೆಗೆ ಎರಡು ವಿಷಲ್

"ಏಳನೇದು ಅಲುಗಾಡ್ತಿದೆ," ಎಂದಳು ಮಸರ್ರತ್, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ.

"ಏನ್ ಏಳನೇದು?" ಒಲೆಯ ಪಕ್ಕ ನಿಂತು ಸೋರೆಕಾಯಿ ಹೆಚ್ಚುತ್ತಿದ್ದ ಇನಾಯತ್ ಕೈ ನಿಲ್ಲಿಸಲಿಲ್ಲ.

"ಗೂಡು. ಮರಿಗಳು ಮೊಟ್ಟೆ ಒಡ್ಕೊಂಡು ಮರಳಲ್ಲಿ ಮೇಲಕ್ಕೆ ತೋಡ್ತಿವೆ. ಇವತ್ತೇ ಹೊರಗೆ ಬಂದ್ಬಿಡ್ತಾವೆ."

"ಬರ್ಲಿ ಬಿಡು. ನೀನು ಹೋಗಿ ಬಾಣಂತನ ಮಾಡ್ಬೇಕಾ?"

ಸಂಜೆ ಏಳಾಗಿದ್ದರೂ ಆಗಸ್ಟ್ ತಿಂಗಳಾದ್ದರಿಂದ ಎನ್ಸ್‌ಕೆಡೆ ಎಂಬ ಈ ಪರದೇಶದ ಊರಿನ ಬಿಸಿಲು ಇನ್ನೂ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಮಲಗಿತ್ತು. ಪಕ್ಕದ ಮನೆಯ ಹಿತ್ತಲಿನಿಂದ ಮಾಂಸ ಸುಡುವ ಹೊಗೆ, ಮಕ್ಕಳ ಗಲಾಟೆ. ಇನಾಯತ್ ಟಿಲ್‌ಬರ್ಗಿನ ಒಂದು ಗೋದಾಮು ಕಂಪನಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವವನು. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಶುಕ್ರವಾರದ ರೈಲಿಗೆ ಮನೆಗೆ ಬರುತ್ತಾನೆ. ಬಂದವನೇ ಅಡುಗೆಮನೆ ಹೊಕ್ಕು, ಇನ್ನೆರಡು ದಿನ ಇದು ನನ್ನ ರಾಜ್ಯ ಎಂದು ಸಾರುವುದು ವಾಡಿಕೆ. ಶಿವಮೊಗ್ಗದಲ್ಲಿರುವ ಅವನ ತಾಯಿ ಇದನ್ನು ಫೋನಿನಲ್ಲಿ ಕೇಳಿ ಸೊಸೆಯನ್ನು ಹೊಗಳುವುದೋ ಮಗನಿಗಾಗಿ ಮರುಗುವುದೋ ತಿಳಿಯದೆ ಎರಡನ್ನೂ ಮಾಡುತ್ತಾಳೆ. ಇವತ್ತು ಊಟಕ್ಕೆ ಮಸರ್ರತ್‌ಳ ಸಹೋದ್ಯೋಗಿ ಸಂದೀಪ ಬರುವವನಿದ್ದ. ಅವನು ಮೈಸೂರಿನ ಸಸ್ಯಾಹಾರಿಯಾದ್ದರಿಂದ ದಾಲ್ಚಾಕ್ಕೆ ಮಾಂಸದ ಬದಲು ಸೋರೆಕಾಯಿ ಬೀಳುತ್ತಿತ್ತು.

ಮಸರ್ರತ್ ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದಾಳೆ. ಏನು ಕೆಲಸ ಎಂದು ಊರಿನವರು ಕೇಳಿದರೆ, ಆಮೆ ಮೊಟ್ಟೆ ಕಾಯುವುದು ಎನ್ನುತ್ತಾಳೆ. ಅವರು ನಗುತ್ತಾರೆ, ಆದರೆ ಅವಳು ಹೇಳುವುದು ನಿಜ. ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯ ಒಂದು ಹಳ್ಳಿಯಲ್ಲಿ ಕಡಲಾಮೆಗಳು ಬಂದು ಮರಳಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತವೆ. ಹಳ್ಳಿಯ ಹೆಸರು ಬೇಡ. ಈಗ ಆ ಹೆಸರೆತ್ತಿದರೆ ಜನ ಆಮೆಯನ್ನು ಬಿಟ್ಟು ಬೇರೆ ಜಗಳಕ್ಕೆ ನಿಲ್ಲುತ್ತಾರೆ. ಆ ದಂಡೆಯ ಒಂದೊಂದು ಗೂಡಿನ ಪಕ್ಕದಲ್ಲೂ ಒಂದೊಂದು ಡಬ್ಬಿ ಹೂತಿದೆ. ಡಬ್ಬಿಯ ರೇಡಿಯೋ ಸಂದೀಪನದು, ಅದರೊಳಗಿನ ಬುದ್ಧಿ ಮಸರ್ರತ್‌ಳದು. ಅದು ಮರಳಿನ ಶಾಖ ಅಳೆಯುತ್ತದೆ, ಮರಿಗಳ ಮಿಸುಕಾಟ ಕೇಳಿಸಿಕೊಳ್ಳುತ್ತದೆ, ಮೇಲೆ ನಡೆದವರು ಮನುಷ್ಯರೋ ನಾಯಿಯೋ ಎಂದು ಹೆಜ್ಜೆಯ ಸದ್ದಿನಿಂದ ಗುರುತು ಹಿಡಿಯುತ್ತದೆ. ಕಂಡದ್ದು ಕೇಳಿದ್ದನ್ನೆಲ್ಲ ಉಪಗ್ರಹದ ಮೂಲಕ ಎನ್ಸ್‌ಕೆಡೆಗೆ ಹೇಳುತ್ತದೆ. ಇದಲ್ಲದೆ ಅದರಲ್ಲಿ ಆ ಊರಿನದೇ ಒಂದು ಸಿಮ್ ಇದೆ. ಮರಿಗಳು ಹೊರಬರುವ ಹೊತ್ತು ಬಂದಾಗ ಅದು ನಜೀಬಾ ಖಾಲಾಳ ಫೋನಿಗೆ ಸಂದೇಶ ಕಳಿಸುತ್ತದೆ.

ನಜೀಬಾ ಖಾಲಾ ಆ ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದ ಹೆಂಗಸು. ಸಮುದ್ರಕ್ಕೆ ಮುಖ ಮಾಡಿದ ಮನೆ, ಹಿಂದೆ ಬಾಳೆತೋಟ, ಗಂಡ ತೀರಿಕೊಂಡು ವರ್ಷಗಳಾಗಿವೆ. ಮೂರು ಬೇಸಿಗೆಯ ಹಿಂದೆ ಡಬ್ಬಿ ಹೂಳಲು ಹೋದ ಮಸರ್ರತ್ ಅವರ ಮನೆಯಲ್ಲೇ ಉಳಿದಿದ್ದಳು. ಅವಳಿಗೆ ಅರಬ್ಬಿ ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಶಿವಮೊಗ್ಗದ ಮದರಸಾದಲ್ಲಿ ಕಲಿತದ್ದು ಅಷ್ಟೇ. ಪೇಟೆಬೀದಿಯಲ್ಲಿ ಅಂಗಡಿ ಫಲಕಗಳನ್ನೆಲ್ಲ ಅವಳು ಕುರ್‌ಆನ್ ಪಠಿಸುವ ರಾಗದಲ್ಲಿ ಓದಿದಾಗ ಖಾಲಾ ನಕ್ಕು ನಕ್ಕು ರಸ್ತೆಬದಿಯಲ್ಲೇ ಕೂತುಬಿಟ್ಟಿದ್ದರು. ಅವಳು ಓದಿದ್ದು ಟೈರ್ ಅಂಗಡಿಯ ಫಲಕವಾಗಿತ್ತು. ಇಬ್ಬರ ಭಾಷೆಯಲ್ಲೂ ಒಂದೇ ಆಗಿದ್ದ ಪದ 'ಖಾಲಾ,' ಅಂದರೆ ಚಿಕ್ಕಮ್ಮ. ಅದನ್ನು ಮಸರ್ರತ್ ಬಿಡದೆ ಹಿಡಿದುಕೊಂಡಳು. ಮಿಕ್ಕಿದ್ದೆಲ್ಲ ಇಬ್ಬರ ಅರೆಬರೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ಕಾಣಿಕೆಯಾಗಿ ಅವಳು ಒಂದು ಪ್ರೆಷರ್ ಕುಕ್ಕರ್ ಒಯ್ದಿದ್ದಳು. ಖಾಲಾಳಿಗೆ ಅದರ ಕೂಗು ಎಷ್ಟು ಹಿಡಿಸಿತೆಂದರೆ, ಡಬ್ಬಿಯ ಸಂದೇಶಕ್ಕೂ ಅದೇ ಸದ್ದು ಇರಲಿ ಎಂದು ಹಟ ಹಿಡಿದರು. ಮಸರ್ರತ್ ಕುಕ್ಕರಿನ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡಿ ಹಾಕಿಕೊಟ್ಟಳು. ಒಂದು ವಿಷಲ್ ಬಂದರೆ ಮನೆಯ ಮುಂದಿನ ದಂಡೆಯ ಗೂಡು. ಎರಡು ವಿಷಲ್ ಬಂದರೆ ಕರಿಬಂಡೆಯಾಚೆಯ ಪುಟ್ಟ ಕೊಲ್ಲಿಯಲ್ಲಿರುವ ಹನ್ನೊಂದನೆಯ ಗೂಡು. ಸದ್ದಿನಲ್ಲೇ ಎಲ್ಲ ತಿಳಿಯಬೇಕಿತ್ತು, ಏಕೆಂದರೆ ಹೊತ್ತು ಮುಳುಗಿದ ಮೇಲೆ ಖಾಲಾ ಫೋನಿನ ಪರದೆ ಬೆಳಗಿಸುತ್ತಿರಲಿಲ್ಲ. ಬೆಳಕು ಕಂಡರೆ ಮರಿಗಳು ಸಮುದ್ರವೆಂದುಕೊಂಡು ಅತ್ತಲೇ ಹರಿದು ಸಾಯುತ್ತವೆ. ಆದ್ದರಿಂದ ಬೇಸಿಗೆ ಪೂರ್ತಿ ಆ ಮನೆಯ ಕಿಟಕಿಗಳಿಗೆ ಕಂಬಳಿ, ಫೋನಿಗೆ ಗುಂಡಿ ಹಾಕಿ ಮುಚ್ಚುವ ದಪ್ಪ ಬಟ್ಟೆಯ ಚೀಲ. ಆ ಚೀಲ ಅವರ ಕೊರಳಲ್ಲಿ ತೂಗುತ್ತಿತ್ತು. ಒಂದು ಸಂಜೆ ಸುಮ್ಮನೆ ಗಂಟೆ ನೋಡಲು ಫೋನ್ ತೆಗೆದ ಮಸರ್ರತ್‌ಳ ಕೈ ಮೇಲೆ ಖಾಲಾ ಪಟ್ಟನೆ ಹೊಡೆದಿದ್ದರು.

ಆಮೇಲೆ ಯುದ್ಧ ಬಂತು. ಊರು ಖಾಲಿ ಮಾಡಿ ಎಂದು ವಿಮಾನದಿಂದ ಕಾಗದ ಉದುರಿಸಿದರು. ಜನ ಕಾರಿನ ಮೇಲೆ ಹಾಸಿಗೆ ಕಟ್ಟಿಕೊಂಡು ಉತ್ತರಕ್ಕೆ ಹೋದರು, ನಾಯಿಗಳನ್ನು ಬಿಟ್ಟು ಹೋದರು. ಹಸಿದ ನಾಯಿಗಳು ಗೂಡು ಬಗೆಯತೊಡಗಿದವು. ಖಾಲಾ ಹೋಗಲಿಲ್ಲ. ಗೂಡುಗಳ ಮೇಲೆ ತಂತಿಬಲೆ ಹಾಸಿ ಕಲ್ಲು ಹೇರುತ್ತ ಉಳಿದುಬಿಟ್ಟರು. ಒಂದು ಸಲ ಫೋನಿನಲ್ಲಿ, ಎಂದಿನಂತೆ ಮಸರ್ರತ್‌ಳನ್ನು ತಮ್ಮ ಭಾಷೆಯಲ್ಲಿ ಡಾಕ್ಟರಮ್ಮ ಎಂದು ಕರೆದು, "ಮೂವತ್ತು ವರ್ಷ ದೀಪ ಆರಿಸಿ, ದೀಪ ಆರಿಸಿ ಅಂತ ಹೋಟೆಲಿನವರ ಕಾಲು ಹಿಡಿದೆ ದಕ್ತೂರಾ. ಈಗ ನೋಡು, ಇಡೀ ಕರಾವಳಿಯ ದೀಪ ಆರಿಸಿಕೊಟ್ಟಿದ್ದಾರೆ. ಈ ವರ್ಷ ಬಂದಷ್ಟು ಆಮೆ ಯಾವತ್ತೂ ಬಂದಿರಲಿಲ್ಲ," ಎಂದು ನಕ್ಕರು. ಆ ನಗು ಕೇಳಿ ಮಸರ್ರತ್‌ಗೆ ನಗು ಬರಲಿಲ್ಲ.

ದಂಡೆಯ ಮೇಲೆ ಡ್ರೋನ್ ಸುತ್ತತೊಡಗಿದ ಮೇಲೆ ಅವಳು ಖಾಲಾಳಿಂದ ಎರಡು ಮಾತು ತೆಗೆದುಕೊಂಡಳು. ಕತ್ತಲಾದ ಮೇಲೆ ಹೊರಗೆ ಹೋಗಕೂಡದು. ದಾಳಿಯ ಎಚ್ಚರಿಕೆಯಲ್ಲಿ ಆ ಮನೆ ಇರುವ ಜಾಗದ ಹೆಸರೇ ಬಂದರೆ ಒಂದು ಕ್ಷಣವೂ ನಿಲ್ಲದೆ ಹೊರಡಬೇಕು. "ಹೊರಡುತ್ತೇನೆ. ನನಗೇನು ಹುಚ್ಚೇ?" ಎಂದಿದ್ದರು ಖಾಲಾ. ಅವರಿಗೆ ಆಸೆ ಹುಟ್ಟದಿರಲೆಂದು ಮಸರ್ರತ್ ಇಲ್ಲಿಂದಲೇ ಡಬ್ಬಿಗಳು ತಾವಾಗಿ ಸಂದೇಶ ಕಳಿಸದಂತೆ ಮಾಡಿ ಎಲ್ಲ ವಿಷಲ್ ಬಂದ್ ಮಾಡಿದಳು. ಹಾಗಾಗಿ ಇವತ್ತು ಏಳನೆಯ ಗೂಡು ಅಲುಗಾಡುವುದು ಎನ್ಸ್‌ಕೆಡೆಯ ಈ ಅಡುಗೆಮನೆಗೆ ಗೊತ್ತಿತ್ತು, ಗೂಡಿನಿಂದ ಕೂಗಳತೆಯಲ್ಲಿದ್ದ ಖಾಲಾಳಿಗೆ ಗೊತ್ತಿರಲಿಲ್ಲ. ಮರಿಗಳಲ್ಲಿ ಅರ್ಧ ನಾಯಿಗಳ ಪಾಲಾಗುತ್ತವೆ. ಆಗಲಿ ಎಂದು ಮಸರ್ರತ್ ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

ಕರೆಗಂಟೆ ಸದ್ದಾಯಿತು. ಸಂದೀಪ ಸೈಕಲಿಗೆ ಬೀಗ ಕೂಡ ಹಾಕದೆ ಒಳಗೆ ಬಂದ. ಕೈಯಲ್ಲಿ ಫೋನು.

"ಮಸರ್ರತ್, ಮ್ಯಾಪ್ ನೋಡಿದ್ಯಾ? ಈಗಷ್ಟೇ ಹಾಕಿದ್ದಾರೆ."

ದಾಳಿ ಮಾಡುವ ಸೇನೆಯೇ ಹಾಕಿದ ನಕ್ಷೆಯ ಮೇಲೆ ಒಂದು ಕೆಂಪು ಪಟ್ಟಿ. ರಾತ್ರಿ ಹತ್ತರ ನಂತರ ಈ ಭಾಗದ ಮೇಲೆ ದಾಳಿ ನಡೆಯುವುದು, ಅದರೊಳಗೆ ಯಾರೂ ಇರಕೂಡದು ಎಂದು ಮೂರು ಭಾಷೆಗಳಲ್ಲಿ ಸಭ್ಯವಾಗಿ ಬರೆದಿತ್ತು. ಪಟ್ಟಿ ಬಾಳೆತೋಟದಿಂದ ಶುರುವಾಗಿ, ಖಾಲಾಳ ಮನೆಯನ್ನೂ ಅದರ ಮುಂದಿನ ದಂಡೆಯನ್ನೂ ನುಂಗಿ, ಕರಿಬಂಡೆಯ ಬುಡದಲ್ಲಿ ನಿಂತಿತ್ತು.

"ಅಲ್ಲಿ ಈಗ ಎಂಟು," ಎಂದ ಸಂದೀಪ. "ಎರಡು ಗಂಟೆ ಇದೆ. ಫೋನ್ ಮಾಡು."

ಮಸರ್ರತ್ ಮಾಡಿದಳು. ಹೊರದೇಶದ ಕರೆ ಹೋಗದೆ ವಾರವಾಗಿತ್ತು, ಈಗಲೂ ಹೋಗಲಿಲ್ಲ. ಇಂಟರ್ನೆಟ್ ಇರಲಿಲ್ಲ. ಪರಿಹಾರ ಸಂಸ್ಥೆಯೊಂದರ ನಂಬರಿಗೆ ಮಾಡಿದರೆ ಒಂದು ದನಿ ದಯವಿಟ್ಟು ಕಾಯಿರಿ ಎಂದು ಹೇಳಿ ಸಂಗೀತ ಹಾಕಿತು. ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಮೂವರೂ ಕಾದರು. ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

"ಅಲ್ಲಿ ಟವರ್ ಪೂರ್ತಿ ಸತ್ತಿದ್ಯಾ?" ಇನಾಯತ್ ಕೇಳಿದ.

"ಇಲ್ಲ, ಊರೊಳಗೆ ನಡೀತಿದೆ. ಹೊರಗಿಂದು ಮಾತ್ರ..." ಸಂದೀಪ ಅಷ್ಟಕ್ಕೇ ನಿಲ್ಲಿಸಿದ. ಅವನೂ ಮಸರ್ರತ್‌ಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಡಬ್ಬಿ," ಎಂದಳು ಮಸರ್ರತ್.

"ಕರೆಕ್ಟ್. ನಮ್ಮ ಮಾತು ಸ್ಯಾಟಲೈಟಿಂದ ಡಬ್ಬಿಗೆ ಹೋಗುತ್ತೆ. ಡಬ್ಬಿಯಿಂದ ಲೋಕಲ್ ಸಿಮ್ಮಲ್ಲಿ ಖಾಲಾಗೆ. ಟೆಕ್ಸ್ಟ್ ಚೇಂಜ್ ಮಾಡಿ ಕಳಿಸೋಣ. ಮನೆಗೆ ಹತ್ತಿರ ಇರೋದು ಯಾವುದು?"

"ನಾಲ್ಕು."

ಇಂಗ್ಲಿಷಿನಲ್ಲಿ ಬರೆದರೆ ಗಾಬರಿಯಲ್ಲಿ ತಿಳಿಯದೇ ಹೋದೀತು ಎಂದು ಅರಬ್ಬಿಗೆ ತಿರುಗಿಸಿದರು. ಮನೆಯ ಮೇಲೆ ಹತ್ತಕ್ಕೆ ದಾಳಿ ಇದೆ, ಈಗಲೇ ಹೊರಡಿ, ಉತ್ತರಕ್ಕೆ ಹೋಗಿ, ದಂಡೆಗೆ ಹೋಗಬೇಡಿ. ಕಂಪ್ಯೂಟರ್ ಕೊಟ್ಟ ಸಾಲನ್ನು ಮಸರ್ರತ್ ಗಟ್ಟಿಯಾಗಿ ಓದಿ ನೋಡಿದಳು. ಅವಳ ಬಾಯಲ್ಲಿ ಅದು ಪ್ರಾರ್ಥನೆಯಂತೆಯೇ ಕೇಳಿಸಿತು. ಇನಾಯತ್ ತನಗರಿಯದೆ "ಆಮೀನ್" ಎಂದ. ಸಂದೀಪ ಗುಂಡಿ ಒತ್ತಿದ.

ಉಪಗ್ರಹ ತಲೆಯ ಮೇಲೆ ಬರುವವರೆಗೂ ಕಾಯಬೇಕಿತ್ತು. ಇನಾಯತ್ ಸುಮ್ಮನೆ ನಿಲ್ಲಲಾರದೆ ಬೇಳೆ ತೊಳೆದು ಕುಕ್ಕರಿಗೆ ಹಾಕಿ ಒಲೆಯ ಮೇಲಿಟ್ಟ. ಸಂದೀಪ ಉಗುರು ಕಚ್ಚಿದ. ಕೊನೆಗೆ ಪರದೆಯ ಮೇಲೆ ಬಂತು: ಕಳಿಸಲಾಗಿದೆ. ಅದರ ಕೆಳಗೆ, ಸ್ವಲ್ಪ ತಡೆದು: ತಲುಪಿದೆ.

"ತಲುಪ್ತು!" ಸಂದೀಪ ಮೇಜು ಗುದ್ದಿದ. ಮಸರ್ರತ್ ಕೆನ್ನೆಯ ಮೇಲೆ ಎರಡೂ ಕೈ ಒತ್ತಿಕೊಂಡು ಕೂತಳು. ಎಷ್ಟೋ ವಾರಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತಾಗಿ ಅವಳಿಗೆ ಅಳು ಬಂತು.

"ನೋಡಿದ್ರಾ ಇನಾಯತ್ ಭಾಯ್, ಡಬ್ಬಿ ಡಬ್ಬಿ ಅಂತ ರೇಗಿಸ್ತಿದ್ರಲ್ಲ ನೀವು," ಎಂದ ಸಂದೀಪ. "ಈಗ ಒಂದು ಟೀ ಹಾಕಿ ನಮ್ಗೆ."

"ಟೀ ಏನು, ಬಿರಿಯಾನಿನೇ ಹಾಕ್ತಿದ್ದೆ. ನೀನು ತಿನ್ನಲ್ವಲ್ಲ," ಎಂದು ಇನಾಯತ್ ಹಾಲು ತೆಗೆಯಲು ಫ್ರಿಜ್ಜಿನ ಕಡೆ ತಿರುಗಿದ.

ಆಗ ಕುಕ್ಕರ್ ಕೂಗಿತು.

ಒಂದೇ ವಿಷಲ್. ದಿನಾ ಕೇಳುವ ಸದ್ದು. ಮಸರ್ರತ್ ಕೂತಲ್ಲೇ ತಣ್ಣಗಾದಳು. ಕೈ ಕೆನ್ನೆಯ ಮೇಲೇ ಉಳಿಯಿತು.

"ಏನಾಯ್ತು?" ಎಂದ ಇನಾಯತ್.

"ಖಾಲಾ ಅದನ್ನ ಓದಲ್ಲ," ಎಂದಳು. "ಕತ್ತಲಾಗಿದೆ. ಫೋನ್ ಚೀಲದಲ್ಲಿದೆ. ಅವರು ಚೀಲ ಬಿಚ್ಚಲ್ಲ. ನಾಲ್ಕರಿಂದ ಮೆಸೇಜ್ ಬಂದ್ರೆ ಒಂದು ವಿಷಲ್ ಹೊಡಿಯುತ್ತೆ, ಅಷ್ಟೇ. ಒಂದು ವಿಷಲ್ ಅಂದ್ರೆ ಮರಿ ಬರ್ತಿವೆ, ಬಾ ಅಂತ."

ಅವಳೂ ಸಂದೀಪನೂ ಓದುವುದು ಬರೆಯುವುದರಲ್ಲೇ ಬೆಳೆದವರು. ಸಂದೇಶವೆಂದರೆ ಯಾರಾದರೂ ಓದಿಯೇ ಓದುತ್ತಾರೆ ಎಂದುಕೊಂಡಿದ್ದರು. ಓದಬೇಕಾಗಿಯೇ ಇಲ್ಲದಂತೆ ಆ ಫೋನನ್ನು ಸಿದ್ಧಪಡಿಸಿ ಕೊಟ್ಟವಳು ಮಸರ್ರತ್, ಅದನ್ನು ಮರೆತವಳೂ ಅವಳೇ.

"ಅವ್ರು ಹೋಗಲ್ಲ ಅಂತ ಮಾತು ಕೊಟ್ಟಿದ್ದಾರಲ್ಲ," ಎಂದ ಇನಾಯತ್.

ಪರದೆಯ ಮೇಲೆ ನಾಲ್ಕನೆಯ ಗೂಡಿನ ಎದುರು ಒಂದು ಚಿಕ್ಕ ಗುರುತು ಮೂಡಿತು. ಮನುಷ್ಯರ ಹೆಜ್ಜೆ.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ವಿಷಲ್ ತಾನಾಗಿ ಕೂಗಿದರೆ, ಕಾಯುತ್ತ ಕೂತಿದ್ದ ಆ ಮುದುಕಿ ಕೊಟ್ಟ ಮಾತಿನ ಮೇಲೆ ಕೂತಿರುವುದುಂಟೇ? ಹೆಜ್ಜೆ ನಾಲ್ಕರ ಸುತ್ತ ಸುಳಿದಾಡಿತು. ಅಲ್ಲಿ ಏನೂ ಇರಲಿಲ್ಲ, ಆ ಮೊಟ್ಟೆಗಳಿಗಿನ್ನೂ ದಿನ ತುಂಬಿರಲಿಲ್ಲ. ಸ್ವಲ್ಪ ಹೊತ್ತಿಗೆ ಗುರುತು ನಾಲ್ಕರಿಂದ ಮಾಯವಾಯಿತು.

"ವಾಪಸ್ ಹೋದ್ರು," ಎಂದ ಸಂದೀಪ. "ವಾಪಸ್ ಹೋದ್ರು ಕಣೆ."

ಏಳನೆಯ ಗೂಡಿನ ಎದುರು ಗುರುತು ಮೂಡಿತು. ಅಲ್ಲಿ ಮರಿಗಳು ನಿಜವಾಗಿಯೇ ಮರಳಿನ ಮೇಲಕ್ಕೆ ಬರುತ್ತಿದ್ದವು. ಮಿಸುಕಾಟದ ಗೆರೆ ಎತ್ತರಕ್ಕೇರಿತ್ತು. ಅದರ ಆಸುಪಾಸಿನಲ್ಲಿ ಇನ್ನೊಂದು ಗುರುತೂ ಬಂತು, ನಾಯಿಯ ಹೆಜ್ಜೆ. ಒಂದಲ್ಲ, ಹಲವು.

"ಇನ್ನೊಂದು ಕಳಿಸು," ಎಂದ ಇನಾಯತ್. "ಓಡಿ ಅಂತ ಬರೀ."

"ಏನ್ ಕಳಿಸಿದ್ರೂ ವಿಷಲ್ಲೇ ಹೊಡಿಯೋದು," ಎಂದ ಸಂದೀಪ. ಆಮೇಲೆ ತಟ್ಟನೆ ಎದ್ದು ನಿಂತ. "ತಡಿ. ವಿಷಲ್ಲೇ ಹೊಡಿಯೋಣ. ಹನ್ನೊಂದರಿಂದ. ಬಂಡೆ ಆಚೆ."

ಮಸರ್ರತ್ ಅವನ ಮುಖ ನೋಡಿದಳು. ಕೆಂಪು ಪಟ್ಟಿ ಬಂಡೆಯ ಬುಡದಲ್ಲೇ ಮುಗಿಯುತ್ತಿತ್ತು. ಎರಡು ವಿಷಲ್ ಕೇಳಿದರೆ ಖಾಲಾ ಬಂಡೆ ದಾಟಿ ಆಚೆಯ ಕೊಲ್ಲಿಗೆ ಹೋಗುತ್ತಾರೆ. ಕಾಲುಗಂಟೆಯ ದಾರಿ. ಹೋದರೆ ಉಳಿಯುತ್ತಾರೆ. ಅವಳ ಬೆರಳುಗಳು ಆಗಲೇ ಕೀಲಿಗಳ ಮೇಲೆ ಓಡುತ್ತಿದ್ದವು. ಹನ್ನೊಂದನೆಯ ಡಬ್ಬಿಯ ವಿಷಲ್ ತೆರೆದು, ಈ ರಾತ್ರಿ ಮುಗಿಯುವವರೆಗೆ ಹತ್ತು ನಿಮಿಷಕ್ಕೊಮ್ಮೆ ಕೂಗುತ್ತಿರು ಎಂದು ಹೇಳಿ ಕಳಿಸಿದಳು.

ಕಳಿಸಲಾಗಿದೆ. ತಲುಪಿದೆ.

ಹೆಜ್ಜೆ ಏಳರಲ್ಲೇ ಇತ್ತು.

ಮತ್ತೊಮ್ಮೆ ಎರಡು ವಿಷಲ್ ತಲುಪಿತು. ಹೆಜ್ಜೆ ಏಳರಲ್ಲೇ ಇತ್ತು. ನಾಯಿಗಳ ಗುರುತು ಹತ್ತಿರ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು, ಅವುಗಳ ಮತ್ತು ಗೂಡಿನ ನಡುವೆ ಮನುಷ್ಯರ ಹೆಜ್ಜೆ ಅತ್ತಿಂದಿತ್ತ ಓಡಾಡುತ್ತಿತ್ತು. ಮಸರ್ರತ್‌ಗೆ ಪರದೆ ನೋಡಬೇಕಾಗಿರಲಿಲ್ಲ. ಒಂದು ಕೈಯಲ್ಲಿ ಬಾಳೆಯ ದಿಂಡು ಹಿಡಿದು ನಾಯಿಗಳನ್ನು ಅಟ್ಟುತ್ತ, ಇನ್ನೊಂದು ಕೈಯಲ್ಲಿ ಜಪಸರ ಹಿಡಿದು ಮರಿಗೊಂದರಂತೆ ಮಣಿ ಸರಿಸುತ್ತ, ಬಾಯಿಬಿಟ್ಟು ಗದರಲೂ ಆಗದೆ ಉಸಿರಿನಲ್ಲೇ ಶೂ ಶೂ ಎನ್ನುವ ಖಾಲಾಳನ್ನು ಅವಳು ಕಂಡಿದ್ದಳು. ಕಣ್ಣ ಮುಂದೆ ಹರಿಯುತ್ತಿರುವ ಮರಿಗಳನ್ನು ನಾಯಿಗಳಿಗೆ ಬಿಟ್ಟು, ಆಚೆ ಎಲ್ಲೋ ಕೂಗಿದ ಇನ್ನೊಂದು ಗೂಡಿಗೆ ಆ ಹೆಂಗಸು ಓಡುವವರಲ್ಲ. ಇದನ್ನು ಮುಗಿಸಿ ಬರುತ್ತೇನೆ, ತಾಳು ಎಂದು ಎರಡು ವಿಷಲಿಗೆ ಹೇಳಿರುತ್ತಾರೆ.

"ಮೊದಲೇ ಎರಡು ವಿಷಲ್ ಹೊಡೆದಿದ್ರೆ..." ಎಂದಳು.

"ಸುಮ್ನಿರು," ಎಂದ ಇನಾಯತ್.

"ಮೊದಲೇ ಹನ್ನೊಂದರಿಂದ ಕಳಿಸಿದ್ರೆ ಸೀದಾ ಬಂಡೆ ಆಚೆಗೆ ಹೋಗಿರ್ತಿದ್ರು. ಈಗ ಅಲ್ಲಿ ಕೂತಿರ್ತಿದ್ರು. ಅವರನ್ನ ನಾಲ್ಕಕ್ಕೆ ಕರೆದೋಳು ನಾನು."

"ನಕ್ಕೋ ಮಸರ್ರತ್, ಹಂಗೆಲ್ಲ ಮಾತಾಡ್ಬೇಡ. ಇನ್ನೂ ಟೈಮ್ ಇದೆ."

ಒಲೆಯ ಮೇಲೆ ಕುಕ್ಕರ್ ಮತ್ತೆ ಕೂಗಿತು. ಇನಾಯತ್ ಎರಡೇ ಹೆಜ್ಜೆಗೆ ಹೋಗಿ ಒಲೆ ಆರಿಸಿದ, ಕುಕ್ಕರನ್ನು ಎತ್ತಿ ಹಿತ್ತಲ ಬಾಗಿಲಾಚೆ ಹುಲ್ಲಿನ ಮೇಲಿಟ್ಟು ಬಂದ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಕೈ ಬೀಸಿದರು. ಇವನೂ ಬೀಸಿದ.

ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಏಳನೆಯ ಗೂಡಿನ ಗೆರೆ ಇಳಿಯತೊಡಗಿತು, ಇಳಿದು ಇಳಿದು ಸಮನಾಯಿತು. ಎಲ್ಲ ಮರಿಗಳೂ ಹೊರಬಂದಿದ್ದವು. ಬೇರೆ ಯಾವ ದಿನವಾದರೂ ಈ ಹೊತ್ತಿಗೆ ಪ್ರಯೋಗಾಲಯದಲ್ಲಿ ಕೇಕ್ ಕೊಯ್ಯುತ್ತಿದ್ದರು. ಮನುಷ್ಯರ ಹೆಜ್ಜೆ ನೀರಿನ ಕಡೆಗೆ ಹೋಯಿತು, ಕೊನೆಯ ಮರಿಯನ್ನು ನೀರಿಗೆ ದಾಟಿಸುವವರೆಗೆ ನಿಂತಿರಬೇಕು, ತಿರುಗಿ ಬಂತು. ಆಮೇಲೆ ಏಳರಿಂದ ಮಾಯವಾಯಿತು.

ಮೂವರೂ ಪರದೆಯ ಮೇಲೆ ಬಾಗಿದರು. ಎಂಟನೆಯ ಗೂಡಿನಲ್ಲಿ ಗುರುತು ಮೂಡಿತು. ಮನೆಯ ಕಡೆಗಲ್ಲ, ಬಂಡೆಯ ಕಡೆಗೆ.

"ಹೊರಟ್ರು," ಎಂದು ಸಂದೀಪ ಪಿಸುಗುಟ್ಟಿದ, ಗಟ್ಟಿಯಾಗಿ ಹೇಳಿದರೆ ಖಾಲಾ ನಿಂತುಬಿಟ್ಟಾರು ಎಂಬಂತೆ. "ಎರಡು ವಿಷಲಿಗೇ ಹೊರಟ್ರು. ಬೇಗ ಖಾಲಾ, ಬೇಗ."

ಒಂಬತ್ತರಲ್ಲಿ ಗುರುತು ಬಂತು. ನಿಧಾನವಾದ ಹೆಜ್ಜೆ. ಅವರಿಗೆ ಮಂಡಿನೋವು, ಮರಳಿನಲ್ಲಿ ನಡೆಯುವುದೆಂದರೆ ಆಗದು, ಅದೂ ಇಷ್ಟು ಹೊತ್ತು ನಾಯಿಗಳ ಹಿಂದೆ ಓಡಾಡಿದ ಮೇಲೆ. ಒಂಬತ್ತರ ಹತ್ತಿರ ಹೆಜ್ಜೆ ಸ್ವಲ್ಪ ನಿಂತಿತು. ದಣಿವಾರಿಸಿಕೊಳ್ಳುತ್ತಿರಬೇಕು. ಇಲ್ಲಿ ಮಸರ್ರತ್ ಮೇಜಿನಂಚನ್ನು ಹಿಡಿದು, ಏಳಿ, ಏಳಿ, ಎನ್ನುತ್ತಿದ್ದಳು. ಹೆಜ್ಜೆ ಮತ್ತೆ ಹೊರಟಿತು. ಮುಂದಿನದು ಹತ್ತು, ಅದರ ಮುಂದೆ ಬಂಡೆ.

ಹತ್ತರಲ್ಲಿ ಗುರುತು ಮೂಡಲಿಲ್ಲ. ಹತ್ತೇ ಇರಲಿಲ್ಲ. ಒಂದರಿಂದ ಹತ್ತರವರೆಗಿನ ಎಲ್ಲ ಗೆರೆಗಳೂ ಒಟ್ಟಿಗೇ ನಿಂತವು. ಬಂಡೆಯಾಚೆಯ ಹನ್ನೊಂದು ಮಾತ್ರ ಒಂದು ದೊಡ್ಡ ನಡುಕವನ್ನು ದಾಖಲಿಸಿತು. ಅದರ ಅಳತೆಗೆ ಸಿಗದಷ್ಟು ದೊಡ್ಡದು. ಅಲ್ಲಿ ಗಂಟೆ ಹತ್ತು ದಾಟಿತ್ತು. ಸಮಯಪಾಲನೆಯ ವಿಷಯದಲ್ಲಿ ದಾಳಿ ಮಾಡಿದವರನ್ನು ದೂರುವಂತಿರಲಿಲ್ಲ.

ಮರುದಿನದ ಸುದ್ದಿಯಲ್ಲಿ ಆ ದಂಡೆಗೆ ಒಂದೂವರೆ ಸಾಲು ಸಿಕ್ಕಿತು. ಜನವಸತಿಯಿಲ್ಲದ ಕರಾವಳಿ ಪಟ್ಟಿ ಎಂದಿತ್ತು, ಪ್ರಾಣಹಾನಿ ವರದಿಯಾಗಿಲ್ಲ ಎಂದಿತ್ತು. ವರದಿ ಮಾಡಲು ಅಲ್ಲಿ ಯಾರಿದ್ದರು ಎಂದು ಯಾರೂ ಕೇಳಲಿಲ್ಲ. ಮಸರ್ರತ್ ಸಿಕ್ಕ ನಂಬರಿಗೆಲ್ಲ ಫೋನ್ ಮಾಡಿದಳು. ಉತ್ತರಕ್ಕೆ ಹೋಗಿದ್ದ ಖಾಲಾಳ ಸೋದರಳಿಯ ಒಂದು ದಿನ ಸಿಕ್ಕ. ದಾರಿ ತೆರೆದ ಮೇಲೆ ಹೋಗಿ ನೋಡುತ್ತೇನೆ ಎಂದ. ದಾರಿ ಯಾವಾಗ ತೆರೆಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ವಿಭಾಗದ ಮುಖ್ಯಸ್ಥ ಅವಳ ಮೇಜಿನ ಹತ್ತಿರ ಬಂದು ಭುಜ ಮುಟ್ಟಿ "ಸ್ಟೆರ್ಕ್ಟೆ" ಎಂದ. ಗಟ್ಟಿಯಾಗಿರು ಎನ್ನುವುದಕ್ಕೆ ಇಲ್ಲಿನವರು ಹೇಳುವ ಮಾತು ಅದು. ಒಳ್ಳೆಯ ಮನುಷ್ಯ, ಇನ್ನೇನು ತಾನೇ ಹೇಳಿಯಾನು?

"ಹತ್ತನೇ ಡಬ್ಬಿ ಮೊದಲೇ ಕೆಟ್ಟಿರಬಹುದು," ಎಂದು ಸಂದೀಪ ಒಂದು ದಿನ ಹೇಳಿದ. ಅವನು ನಿದ್ದೆ ಮಾಡಿದಂತಿರಲಿಲ್ಲ. "ಅವ್ರು ಅಷ್ಟೊತ್ತಿಗೆ ಬಂಡೆ ಹತ್ರ ಇದ್ದಿರ್ಬಹುದು. ದಾಟಿದ್ರೂ ದಾಟಿರ್ಬಹುದು."

"ಹನ್ನೊಂದರಲ್ಲಿ ಹೆಜ್ಜೆ ಬಂದಿಲ್ಲ ಸಂದೀಪ."

"ಮನೇಲಿ ಇದ್ದಿದ್ರೂ ಅಷ್ಟೇ ಆಗ್ತಿತ್ತು ಮಸರ್ರತ್. ಮನೆನೂ ಮ್ಯಾಪ್ ಒಳಗೇ ಇತ್ತು."

"ಗೊತ್ತು," ಎಂದಳು. ಅದು ಗೊತ್ತಿದ್ದು ಅವಳಿಗೆ ಯಾವ ಉಪಯೋಗವೂ ಆಗಲಿಲ್ಲ. ಎರಡು ವಿಷಲ್ ಮೊದಲೇ ಕೂಗಿಸಿದ್ದರೆ ಎನ್ನುವ ಒಂದೇ ಮಾತು ಅವಳ ಬೆನ್ನು ಬಿಡಲಿಲ್ಲ, ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ನಮಾಜಿಗೆ ನಿಂತಾಗ. ಇನಾಯತ್ ಈಗ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಾನೆ. ಗಂಟೆಗಟ್ಟಲೆ ಹಿಡಿಯುತ್ತದೆ. ಕುಕ್ಕರನ್ನು ಎಲ್ಲಿಟ್ಟ ಎಂದು ಅವಳು ಕೇಳಿಲ್ಲ, ಅವನೂ ಹೇಳಿಲ್ಲ.

ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಸಂಜೆ ಹನ್ನೊಂದನೆಯ ಗೂಡು ಅಲುಗಾಡತೊಡಗಿತು. ಮಸರ್ರತ್ ಒಬ್ಬಳೇ ಮನೆಯಲ್ಲಿದ್ದಳು. ಬಿಸಿಲು ಅದೇ ನೆಲದ ಮೇಲೆ ಬಿದ್ದಿತ್ತು. ಆ ದಿನ ತೆರೆದ ವಿಷಲನ್ನು ಯಾರೂ ಮತ್ತೆ ಮುಚ್ಚಿರಲಿಲ್ಲ, ಆದ್ದರಿಂದ ಡಬ್ಬಿ ತನಗೆ ಹೇಳಿಕೊಟ್ಟಂತೆ ಕರೆಯಲು ಶುರುಮಾಡಿತು. ಕಳಿಸಲಾಗಿದೆ, ಎಂದು ಪರದೆಯ ಮೇಲೆ ಬಂತು. ತಲುಪಿಲ್ಲ. ಮತ್ತೆ ಪ್ರಯತ್ನಿಸಲಾಗುವುದು.

ಸಂದೀಪ ಫೋನ್ ಮಾಡಿದ. ಅವನೂ ತನ್ನ ಮನೆಯಲ್ಲಿ ಅದನ್ನೇ ನೋಡುತ್ತಿದ್ದ.

"ಅಲರ್ಟ್ ಆಫ್ ಮಾಡ್ಲಾ? ಸುಮ್ನೆ ಬ್ಯಾಟರಿ ಹೋಗುತ್ತೆ."

"ಬೇಡ. ಇರ್ಲಿ."

ಅವನು ಫೋನ್ ಇಟ್ಟ.

ಗೆರೆ ಏರುತ್ತಿತ್ತು. ಮರಿಗಳು ಮೇಲಕ್ಕೆ ಬರುತ್ತಿದ್ದವು. ಗೂಡಿನ ಎದುರು ಒಂದು ನಾಯಿಯ ಹೆಜ್ಜೆ ಮೂಡಿತು, ಅದರ ಹಿಂದೆ ಇನ್ನೊಂದು, ಇನ್ನೂ ಒಂದು. ಬೇರೆ ಯಾವ ಹೆಜ್ಜೆಯೂ ಬರಲಿಲ್ಲ. ಡಬ್ಬಿ ಕರೆಯುತ್ತಲೇ ಇತ್ತು, ಎರಡು ವಿಷಲ್, ಹತ್ತು ನಿಮಿಷ ಮೌನ, ಮತ್ತೆ ಎರಡು ವಿಷಲ್. ಅಲ್ಲಿ ಆಗಲೇ ಕತ್ತಲಾಗಿದೆ ಎಂದು ನೆನಪಾಗಿ ಮಸರ್ರತ್ ಕೈ ಚಾಚಿ ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿದಳು.